ಸ್ಟುಡಿಯೊದವನು ಅಳಿಸಿದ ಸುಕ್ಕುಗಳು

ಅತ್ತೆಯವರೇ,

ಇಂದು ಕಾರ್ತಿಕ ಸೋಮವಾರ, ಒಪ್ಪೊತ್ತು ಹಿಡಿದಿದ್ದೇನೆ. ಎಮ್ಮೆ ಹಿಂಡಿ, ಅಂಗಳ ಸಾರಿಸಿ, ನಿಮ್ಮ ಮಗನಿಗೆ ರೊಟ್ಟಿ ಬಡಿದಿಟ್ಟು, ಪೂಜೆ ಮುಗಿಸಿ ಕುಳಿತೆ. ಉಪವಾಸದ ದಿನ ನೀವು ಬಹಳ ನೆನಪಾಗುತ್ತೀರಿ. 'ಶಿವಾ ಏನೂ ಅನ್ನಾಂಗಿಲ್ಲ, ತಿನ್ನ' ಎಂದು ಶೇಂಗಾ ಉಂಡಿ ಕೈಗಿಡುವವರು ಈಗ ಯಾರಿದ್ದಾರೆ?

ನೀವು ಹೋದ ಮೇಲೆ ವಿಜಯಪುರದಲ್ಲಿ ನಿಮ್ಮ ಫೋಟೊ ದೊಡ್ಡದು ಮಾಡಿಸಿದೆವು. ಚಂದ ಕಾಣಲೆಂದು ಸ್ಟುಡಿಯೊದವನು ಸುಕ್ಕೆಲ್ಲ ಅಳಿಸಿ ಬೆಳ್ಳಗೆ ಮಾಡಿಕೊಟ್ಟ. ಊದುಬತ್ತಿ ಬೆಳಗುವಾಗ ಯಾರೋ ಬೀಗರ ಹೆಂಗಸಿಗೆ ಬೆಳಗಿದಂತೆ ಅನಿಸುತ್ತದೆ. ನಿಮ್ಮ ಮಗ ಅತ್ತ ನೋಡುವುದೇ ಇಲ್ಲ. ಮೂಲದ ಚಿಕ್ಕ ಫೋಟೊ ಬರೀ ಮಸುಕು. ನನಗೆ ನಿಮ್ಮ ಮುಖ ಬೇಕಿತ್ತು, ಸುಕ್ಕಿನ ಸಮೇತ. ಅದಕ್ಕೇ ಟಿಕೋಟಾದಿಂದ ಬಸ್ಸು ಹತ್ತಿ, ಅಥಣಿ ರಸ್ತೆಯಲ್ಲಿ ಚಿತ್ರ ಕಲಿಸುವ ಶಬಾನಾಳ ಹತ್ತಿರ ಹೋದೆ. ಐವತ್ತರ ವಯಸ್ಸಿಗೆ! 'ಮೊದಲ ಸೀತಾಫಲ ಬರೀರಿ, ಆಮ್ಯಾಲ ಅತ್ತಿ' ಅಂದಳು.

ರಂಗೋಲಿ ಹಾಕುವಾಗ ನೀವು ಬೆನ್ನ ಹಿಂದೆ ನಿಂತು, 'ಚುಕ್ಕಿ ಸಮಾ ಇಡಬೇ, ಕೋಳಿ ಕೆದರಿದಂಗ ಮಾಡಬ್ಯಾಡ' ಅನ್ನುತ್ತಿದ್ದಿರಲ್ಲ? ಆ ಕೈ ಇದು. ಹಣ್ಣಿನ ಉಬ್ಬುಗಳನ್ನೆಲ್ಲ ಒಂದೇ ಅಳತೆಯಲ್ಲಿ ಅಂಚಿನವರೆಗೂ ಜೋಡಿಸಿಟ್ಟೆ. ಶಬಾನಾ ಬಿದ್ದು ಬಿದ್ದು ನಕ್ಕಳು. 'ಅಕ್ಕಾರ, ಇದು ಅಂಗಳ ಅಲ್ರಿ, ಹಣ್ಣು!' ಕೈಯಲ್ಲಿ ಹಣ್ಣು ಹಿಡಿದು ತೋರಿಸಿದಳು. ನಡುವಿನ ಉಬ್ಬು ನಮ್ಮನ್ನೇ ನೋಡುತ್ತದೆ, ಅಗಲ. ಅಂಚಿನವು ಆಚೆ ಹೊರಳುತ್ತವೆ, ಅದಕ್ಕೇ ಸಣ್ಣಗೆ, ಒತ್ತೊತ್ತಾಗಿ ಕಾಣುತ್ತವೆ. ಬೆಳಕು ಬಿದ್ದಲ್ಲಿ ಪೆನ್ಸಿಲ್ ಮುಟ್ಟಿಸಲೇಬಾರದಂತೆ. ನೀವು ಕಲಿಸಿದ್ದನ್ನು ಬಿಡುವುದು ಎಷ್ಟು ಕಷ್ಟವಾಯಿತೆಂದರೆ... ಇರಲಿ.

ನಿಮ್ಮ ಕೆನ್ನೆಗೆ ಬಂದಾಗ ಮತ್ತೆ ಎಡವಿದೆ. ಸುಕ್ಕುಗಳನ್ನು ಸೀದಾ ಗೀಟಿನಂತೆ ಎಳೆದುಬಿಟ್ಟಿದ್ದೆ. ನಿಮ್ಮ ಮಗ ಇಣುಕಿ, 'ಹೊಲಕ್ಕ ಹೊಡದಂಗ ಅವ್ವನ ಮಾರಿ ಮ್ಯಾಲ ರಂಟಿ ಹೊಡದಿಯೇನ?' ಅಂದರು. ಸಿಟ್ಟು ಬಂತು, ಆದರೆ ಮಾತು ಖರೆ ಇತ್ತು. ಎಲ್ಲ ಅಳಿಸಿ, ಗೆರೆಗಳನ್ನು ಕೆನ್ನೆಯ ಉಬ್ಬಿನ ಗುಂಟ ಬಳಸಿ ತಂದು, ಕಿವಿಯ ಹತ್ತಿರ ಒತ್ತಾಗಿ ಸೇರಿಸಿದೆ. ನಕ್ಕಾಗ ನಿಮ್ಮ ಕೆನ್ನೆ ಮೇಲೇಳುತ್ತಿತ್ತಲ್ಲ, ಅಲ್ಲಿ ಕಾಗದ ಹಾಗೇ ಬಿಟ್ಟೆ.

ನಿನ್ನೆ ಚಿತ್ರವನ್ನು ಜಗಲಿಯ ಗೋಡೆಗೆ ಆನಿಸಿಟ್ಟಿದ್ದೆ. ನಿಮ್ಮ ಮಗ ಹೊಲದಿಂದ ಬಂದವರು ಹೊಸ್ತಿಲಲ್ಲೇ ನಿಂತು, ಬೀಡಿಯನ್ನು ಗಡಬಡಿಸಿ ಬೆನ್ನ ಹಿಂದೆ ಮರೆಮಾಡಿದರು! ನಾನು ನಗಬೇಕೆಂದೆ, ಆಗಲಿಲ್ಲ. ಬಹಳ ಹೊತ್ತು ನೋಡಿ ಕೇಳಿದರು:

'ಗದ್ದದ ಮ್ಯಾಲಿನ ಹಚ್ಚಿ ಎಲ್ಲೈತಿ?'

'ಬಲಕ್ಕಿತ್ತೋ ಎಡಕ್ಕಿತ್ತೋ, ನಿಮಗ ನೆನಪೈತೇನ್ರಿ?'

'ಎಡಕ್ಕ.'

'ನನಗ ಬಲಕ್ಕಂತ ಅನಸ್ತೈತಿ.'

ದೊಡ್ಡ ಫೋಟೊದಲ್ಲಿ ಆ ಹಚ್ಚೆಯ ಚುಕ್ಕಿಯೂ ಅಳಿಸಿದೆ, ಚಿಕ್ಕದರಲ್ಲಿ ಕಾಣುವುದೇ ಇಲ್ಲ. ಇಷ್ಟು ವರ್ಷ ನಿಮ್ಮ ಎದುರಿಗೇ ಕುಳಿತು ಉಂಡವರು ನಾವು! ತಪ್ಪು ಕಡೆ ಚುಕ್ಕಿ ಇಟ್ಟರೆ ಅದು ನೀವಲ್ಲ. ಗದ್ದ ಖಾಲಿ ಬಿಟ್ಟಿದ್ದೇನೆ.

ಬಬಲೇಶ್ವರದ ನಿಮ್ಮ ತಂಗಿ, 'ಅಕ್ಕ ಕನಸಿನ್ಯಾಗ ಬಂದು ಬೈತಾಳ' ಅನ್ನುತ್ತಿರುತ್ತಾರೆ. ಈ ಸಲ ಅವರ ಕನಸಿಗೆ ಹೋದಾಗ, ಬೈಯುವ ಮೊದಲು ಹಚ್ಚೆ ಎಡಕ್ಕೋ ಬಲಕ್ಕೋ ಹೇಳಿಬಿಡಿ. ಗುರುವಾರ ನಿಮ್ಮ ಮಗನನ್ನು ಬಬಲೇಶ್ವರಕ್ಕೆ ಕಳಿಸುತ್ತೇನೆ, ಉತ್ತರ ಮಗನ ಕೈಯಲ್ಲೇ ಕೊಟ್ಟು ಕಳಿಸಿ.

ನಿಮ್ಮ ಸೊಸೆ,
ಶಾಂತವ್ವ