ಎದೆಕವಚದ ತಗ್ಗು

ಹಿಕೊನೆ
೨೪ ನವೆಂಬರ್ ೧೯೬೧

ಪ್ರೀತಿಯ ತಮ್ಮ ರೊಕುರೊಗೆ,

ಹೇಗಿದ್ದೀಯಪ್ಪಾ? ನಿಮ್ಮ ಒತಾರುವಿನಲ್ಲಿ ಆಗಲೇ ಹಿಮ ಬೀಳುತ್ತಿರಬೇಕು. ನಿನ್ನ ಕೆಮ್ಮು ಈ ವರ್ಷವಾದರೂ ಸುಮ್ಮನಿದೆಯೇ? ನಿನ್ನ ಮಗ ಹಿಸಾಯನಿಗೆ ಒಂಬತ್ತು ತುಂಬಿತಲ್ಲವೇ? ನಿನ್ನ ಭಾವ ತೀರಿಕೊಂಡಾಗ ನೀನು ಕಳಿಸಿದ ತಂತಿ ತಲುಪಿತು. ಅವರ ಪಟದ ಮುಂದೆ ಇಟ್ಟಿದ್ದೇನೆ. ನಲವತ್ತೊಂಬತ್ತನೆಯ ದಿನದ ಕಾರ್ಯ ಡಿಸೆಂಬರ್ ಹತ್ತಕ್ಕೆ.

ಮೊನ್ನೆ ಬಿಸಿಲು ಚೆನ್ನಾಗಿತ್ತೆಂದು ಅಪ್ಪ ಕೊಂಡಿದ್ದ ಆ ಹಳೆಯ ಯುದ್ಧಕವಚವನ್ನು ಪೆಟ್ಟಿಗೆಯಿಂದ ತೆಗೆದು ಗಾಳಿಗಿಟ್ಟೆ. ಎದೆಕವಚವನ್ನು ಎತ್ತುತ್ತಿದ್ದವರು ಯಾವಾಗಲೂ ನಿನ್ನ ಭಾವನೇ. ಈ ಸಲ ಚಾಪೆಯ ಮೇಲೆ ಎಳೆದುಕೊಂಡು ಹೋದೆ, ಬಯ್ಯಬೇಡ. ಅವರು ತಗ್ಗು ಮುಚ್ಚಿದ ಜಾಗ ಎಲ್ಲಿದೆಯೆಂದು ಬೆರಳಾಡಿಸಿ ಹುಡುಕಿದೆ. ಸಿಗಲಿಲ್ಲ. ಅಷ್ಟು ನುಣುಪು. ನಲವತ್ತು ವರ್ಷ, ಮನೆಗಳಲ್ಲಿಡುವ ಬುದ್ಧನ ಮಂಟಪಗಳಿಗೆ ಮೆರುಗೆಣ್ಣೆ ಬಳಿದ ಕೈ ಅದು. ಹಿಸಾಯನ ಮೊದಲ ಗಂಡುಮಕ್ಕಳ ಹಬ್ಬಕ್ಕೆ, ಕವಚ ಇಟ್ಟು ಮಗುವನ್ನು ಹರಸುವ ದಿನಕ್ಕೆ, ನೀವೆಲ್ಲ ಬರುತ್ತೀರೆಂದು ಎರಡು ತಿಂಗಳು ಗುಟ್ಟಾಗಿ ಕೂತು, ಪದರದ ಮೇಲೆ ಪದರ ಒಣಗಿಸಿ, "ಮಗುವಿನ ಹಬ್ಬಕ್ಕೆ ತಗ್ಗು ಬಿದ್ದ ಕವಚ ಇಡೋದಾ, ಎಲ್ಲಾದ್ರೂ ಉಂಟೇ?" ಎಂದು ತಮ್ಮಷ್ಟಕ್ಕೆ ನಗುತ್ತಿದ್ದರು. ಮಂಟಪದಲ್ಲಿ ತಗ್ಗಿದ್ದರೆ ಗಿರಾಕಿ ವಾಪಸು ಕಳಿಸುತ್ತಾನೆ. ಅವರಿಗೆ ಗೊತ್ತಿದ್ದದ್ದು ಅಷ್ಟೇ.

ನೀನು ನೋಡಿದ ಕೂಡಲೇ ಕೂಗಿದೆ: "ಏನ್ ಭಾವ ಇದು! ಗುಂಡು ಒಳಗೆ ತೂರಲ್ಲ ಅಂತ ಕೋವಿಯಿಂದ ಹೊಡೆದು ಪರೀಕ್ಷೆ ಮಾಡಿದ ಗುರುತು ಅದು! ಆ ತಗ್ಗು ನೋಡೇ ಅಪ್ಪ ಇದನ್ನ ಕೊಂಡಿದ್ದು!" ಅವರು ತಮಾಷೆಯೆಂದುಕೊಂಡು, "ತಗ್ಗನ್ನ ಯಾರಾದ್ರೂ ಬೇಕೂಂತ ಕೊಳ್ತಾರೇನೋ, ಹುಚ್ಚಪ್ಪಾ?" ಅಂದರು. ಹೆಣ್ಣುಮಗಳಾದ ನನಗೆ ಅಪ್ಪ ಅದನ್ನೆಲ್ಲ ಹೇಳಿರಲಿಲ್ಲ. ಗಂಡನ ಮುಖ ಚಿಕ್ಕದಾಗಿದ್ದಷ್ಟೇ ನನಗೆ ಕಂಡಿತು. "ಹಳೇ ಕಬ್ಬಿಣಕ್ಕೋಸ್ಕರ ಮನುಷ್ಯನ್ನ ಬಯ್ತೀಯಾ? ಕ್ಷಮೆ ಕೇಳೋವರೆಗೂ ಈ ಹೊಸ್ತಿಲು ತುಳೀಬೇಡ" ಎಂದುಬಿಟ್ಟೆ. ನಿನಗೋಸ್ಕರ ಅನ್ನದಲ್ಲಿ ಹುಳಿಬರಿಸಿದ್ದ ಸರೋವರದ ಮೀನನ್ನು ಮುಟ್ಟದೆ ನೀನು ರೈಲು ಹತ್ತಿದೆ. ಎಂಟು ವರ್ಷವಾಯಿತು.

ಕಾರ್ಯಕ್ಕೆ ಬಾ. ಕ್ಷಮೆ ಕೇಳುವುದೇನೂ ಬೇಡ. ಕವಚ ನಿನ್ನದು, ತೆಗೆದುಕೊಂಡು ಹೋಗು.

ನಿಮ್ಮೆಲ್ಲರಿಗೂ ಒಳ್ಳೆಯದಾಗಲಿ. ಚಳಿಯಲ್ಲಿ ಎದೆ ಮುಚ್ಚಿಕೊಂಡು ಓಡಾಡು.

ನಿನ್ನ ಅಕ್ಕ,
ಶಿಗೆನೊ

ಮ.ವಿ.: ಲಕೋಟೆ ಅಂಟಿಸುವ ಮೊದಲು ಬರೆದೇ ಬಿಡುತ್ತೇನೆ. ನೀನು ಹೇಳಿದ್ದು ನಿಜವೆಂದು ನಿನ್ನ ಭಾವನಿಗೆ ಎರಡು ವರ್ಷದ ಹಿಂದೆಯೇ ತಿಳಿಯಿತು. ಮಂಟಪ ಕೊಳ್ಳಲು ಬಂದಿದ್ದ ಹಿರಿಯರೊಬ್ಬರು ಹಳೆಯ ಕವಚಗಳನ್ನು ಸಂಗ್ರಹಿಸುವವರು. ಮಾತಿನ ನಡುವೆ ಗುಂಡಿನ ಗುರುತಿನ ವಿಷಯ ಹೇಳಿದರಂತೆ. ಅವತ್ತು ಇವರು ಊಟ ಮಾಡಲಿಲ್ಲ. "ರೊಕುರೊ ಹೇಳಿದ್ದೇ ಸರಿ ಕಣೇ. ಅವನಿಗೊಂದು ಕಾಗದ ಬರೀತೀನಿ, ಬಳಿದಿದ್ದನ್ನ ನಾನೇ ಕೆರೆದು ತೆಗೀತೀನಿ" ಅಂದರು. "ಚಿಕ್ಕವನು ಅವನು, ಮೊದಲು ಅವನೇ ಬರೀಲಿ" ಎಂದು ಎರಡಕ್ಕೂ ಅಡ್ಡ ನಿಂತವಳು ನಾನು. ಅವರ ಉಳಿಯನ್ನು ಕವಚದ ಪೆಟ್ಟಿಗೆಯಲ್ಲೇ ಇಟ್ಟಿದ್ದೇನೆ. ಕೆರೆಯುವುದಾದರೆ ಕೆರೆ, ತಮ್ಮಾ. ಮನೆಗೆ ಒಯ್ದ ಮೇಲೆ ಕೆರೆ. ನನ್ನ ಕಣ್ಣೆದುರು ಬೇಡ.