ನಿಮ್ಮ ಕಡತದಲ್ಲಿ ಇಂದಿಗೂ ಕ್ಷೇಮವಾಗಿರುವ ನನ್ನ ತಂಗಿ

ತುರ್ತು ಸಂಕೇತಗಳ ನೋಂದಣಿ ನೋಡಿಕೊಳ್ಳುವ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಕಳೆದ ಸೆಪ್ಟೆಂಬರ್ ಇಪ್ಪತ್ತಾರರಂದು ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ನನ್ನ ತಂಗಿ ಇಂಪಿ ರಾಂಟಾಲಾ ಕಾಡಿನಲ್ಲಿ ಸೊಂಟ ಮುರಿದುಕೊಂಡು ಬಿದ್ದು, ಜೊತೆಯಲ್ಲಿದ್ದ, ಉಪಗ್ರಹದ ಮೂಲಕ ಆಪತ್ತಿನ ಸಂಕೇತ ಕಳಿಸುವ ಬೀಕನ್ನಿನ ಗುಂಡಿ ಒತ್ತಿದಳು. ಹತ್ತು ಐವತ್ತೆರಡಕ್ಕೆ ಆ ಸಂಕೇತ ನಿಮ್ಮನ್ನು ತಲುಪಿತು. ಹನ್ನೊಂದು ಹತ್ತಕ್ಕೆ ನೀವು ‘ಮಾಲೀಕರು ಕ್ಷೇಮ’ ಎಂದು ಬರೆದು ಕಡತ ಮುಚ್ಚಿದಿರಿ. ಈ ಹೊತ್ತುಗಳು ನನ್ನ ಊಹೆಯಲ್ಲ. ಮೊದಲನೆಯದು ಅವಳ ನೋಟ್‌ಬುಕ್ಕಿನಲ್ಲಿದೆ, ಉಳಿದೆರಡು ನೀವೇ ಸಹಿ ಮಾಡಿ ಕಳಿಸಿದ ಹಾಳೆಯಲ್ಲಿವೆ. ಇಷ್ಟು ಚುರುಕಾದ ಸರ್ಕಾರಿ ಕಚೇರಿಯನ್ನು ಈ ಎಪ್ಪತ್ತೊಂದು ವರ್ಷಗಳಲ್ಲಿ ನಾನು ಕಂಡಿರಲಿಲ್ಲ. ಹದಿನೆಂಟೇ ನಿಮಿಷದಲ್ಲಿ ಒಂದು ಜೀವದ ವಿಚಾರ ಇತ್ಯರ್ಥವಾಗಿಬಿಟ್ಟಿತು.

ಇಂಪಿ ಯಾರೆಂದು ನಿಮಗೆ ತಿಳಿಯದು. ನನಗಿಂತ ಐದು ವರ್ಷ ಚಿಕ್ಕವಳು. ಸುಪೀರಿಯರ್ ಸರೋವರದಿಂದ ಉತ್ತರಕ್ಕೆ, ಐದು ಕೆರೆಗಳ ಆಚೆ, ನಮ್ಮಪ್ಪ ತುಪ್ಪಳಕ್ಕಾಗಿ ಬೀವರ್ ಹಿಡಿಯಲು ಬೋನು ಇಡುತ್ತಿದ್ದ ಕಾಡು ಅವಳ ಪಾಲಿಗೆ ಬಂದಿತ್ತು. ಪ್ರತಿ ಶರತ್ಕಾಲದಲ್ಲಿ, ನೀರು ಹೆಪ್ಪುಗಟ್ಟುವ ಮೊದಲು, ಒಬ್ಬಳೇ ದೋಣಿ ಹಾಕಿಕೊಂಡು ಹೋಗಿ, ಅಲ್ಲಿನ ಗುಡಿಸಲಿನ ಸೂರು ಸರಿಮಾಡಿ, ಸೌದೆ ಒಟ್ಟಿ ಬರುತ್ತಿದ್ದಳು. ಒಂದು ಕೆರೆಯಿಂದ ಇನ್ನೊಂದಕ್ಕೆ ದೋಣಿಯನ್ನು ತಲೆಯ ಮೇಲೆ ಹೊತ್ತೇ ನಡೆಯಬೇಕು. ಅರವತ್ತಾರರಲ್ಲೂ ಹೊರುತ್ತಿದ್ದಳು. ಜೊತೆಗೆ ಬರುತ್ತೇವೆ ಎಂದವರಿಗೆಲ್ಲ ಅವಳದು ಒಂದೇ ಉತ್ತರ: “ಬನ್ನಿ, ಆದ್ರೆ ಮಾತಾಡ್ಬೇಡಿ.” ಹಾಗಾಗಿ ಯಾರೂ ಹೋಗುತ್ತಿರಲಿಲ್ಲ.

ಯಂತ್ರವೊಂದು ಅವಳ ಜೊತೆಗಿರಲಿ ಎಂದು ಹಟ ಹಿಡಿದವಳು ನಾನು. ಯಾವುದು ಎಂಬುದಕ್ಕೆ ನಮ್ಮ ಅಡುಗೆಮನೆಯಲ್ಲಿ ಎರಡು ವಾರ ಜಗಳ ನಡೆಯಿತು. ಪೇಟೆಯ ಅಂಗಡಿಯಲ್ಲಿ ಒಂದು ಬಗೆಯದಿತ್ತು. ಅದರಲ್ಲಿ ನಾವು ಸಂದೇಶ ಕಳಿಸಬಹುದು, ಆ ಕಡೆಯಿಂದಲೂ ಸಂದೇಶ ಬರುತ್ತದೆ. ಇನ್ನೊಂದು ನಮ್ಮ ಊರಿನ ಮಾರ್ಟಿ ಯಲೋನೆನ್‌ ಅವರ ಹಳೆಯ ಬೀಕನ್ನು. ಎಂಬತ್ತೆರಡರ ಮಾರ್ಟಿ ಮಗಳ ಮನೆ ಸೇರಲು ಪೇಟೆಗೆ ಹೊರಟಾಗ ಅದನ್ನು ಇಂಪಿಯ ಕೈಗಿಟ್ಟು, “ಇಟ್ಕೊಳಮ್ಮ. ಇನ್ಮೇಲೆ ನಾನು ದಾರಿ ತಪ್ಪೋದು ಸೂಪರ್‌ ಮಾರ್ಕೆಟ್ಟಲ್ಲಿ ಮಾತ್ರ” ಎಂದಿದ್ದರು.

“ಅಕ್ಕಾ, ಇದು ಬರೀ ಕೂಗತ್ತೆ,” ಎಂದಳು ಇಂಪಿ. “ನಂಗೆ ಕೂಗಿದ್ರೆ ಓ ಅನ್ನೋದು ಬೇಕು. ಬರ್ತಾ ಇದೀವಿ, ಬಿದ್ದಲ್ಲೇ ಬಿದ್ದಿರು ಅಂತ ಯಾರಾದ್ರೂ ಹೇಳ್ಬೇಕು.”

“ಆ ಅಂಗಡೀದಕ್ಕೆ ಆಗಾಗ ಚಾರ್ಜ್ ಹಾಕ್ಬೇಕು ಕಣೇ. ಗಡಿಯಾರಕ್ಕೆ ಕೀ ಕೊಡೋದೇ ಮರೀತೀಯ ನೀನು. ಇದ್ರ ಬ್ಯಾಟರಿ ವರ್ಷಗಟ್ಲೆ ಬರತ್ತೆ. ಒಂದೇ ಗುಂಡಿ. ಸೀದಾ ಸರ್ಕಾರಕ್ಕೆ ಹೋಗತ್ತೆ.”

“ಸರ್ಕಾರಕ್ಕೆ ಹೋಗಿದ್ದು ವಾಪಸ್ ಬಂದಿದ್ದು ಯಾವಾಗ ನೋಡಿದೀಯ ನೀನು?”

ನಾನು ನಿಮ್ಮ ಕಚೇರಿಯ ಕರಪತ್ರ ತಂದು ಅವಳ ಮುಂದಿಟ್ಟೆ. ಒಬ್ಬಂಟಿ ಪ್ರಯಾಣಿಕರಿಗೆ ಅತ್ಯಂತ ನಂಬಲರ್ಹ ಸಾಧನ ಎಂದು ಅದರಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಅವಳು ಓದಿ, ಕಾಫಿ ಬಟ್ಟಲನ್ನು ಅದರ ಮೇಲೇ ಇಟ್ಟು, “ನಿನ್ನಿಷ್ಟ” ಎಂದಳು. ಇಂದಿಗೂ ಹೇಳುತ್ತೇನೆ, ನನ್ನ ವಾದದಲ್ಲಿ ತಪ್ಪಿರಲಿಲ್ಲ. ಯಂತ್ರ ಕೆಲಸ ಮಾಡಿತು. ಮಾಡದಿದ್ದವರು ಅದರ ಆ ತುದಿಯಲ್ಲಿ ಕುಳಿತಿದ್ದ ಮನುಷ್ಯರು. ಆ ವಿಷಯ ಕರಪತ್ರದಲ್ಲಿ ಇರಲಿಲ್ಲ.

ಬೀಕನ್ ಕೈ ಬದಲಾಯಿಸಿದರೆ ಹೊಸಬರ ಹೆಸರಿಗೆ ನೋಂದಾಯಿಸಬೇಕೆಂಬುದು ನಿಮ್ಮ ನಿಯಮ. ಒಳ್ಳೆಯ ನಿಯಮ. ಜೂನ್‌ನಲ್ಲಿ ಅರ್ಜಿ ತುಂಬಿದೆ. ರಸ್ತೆಯ ಹೆಸರು, ಮನೆ ಸಂಖ್ಯೆ ಖಾಲಿ ಇದೆಯೆಂದು ಹಿಂದಕ್ಕೆ ಬಂತು. ನಮ್ಮದು ನಲವತ್ಮೂರು ಮನೆ, ಒಂದು ಚರ್ಚು, ಒಂದು ದೋಣಿಗಟ್ಟೆಯ ಊರು. ಇಲ್ಲಿ ಹಾದಿಗಳಿವೆ, ಹಾದಿಗಳಿಗೆ ಹೆಸರಿಲ್ಲ. ಎರಡನೆಯ ಸಲ ‘ದೋಣಿಗಟ್ಟೆಯಿಂದ ಮೇಲಕ್ಕೆ, ಹಳದಿ ಬಾಗಿಲಿನ ಮನೆ’ ಎಂದು ಬರೆದೆ. ಅದೂ ಬಂತು. ಫೋನ್ ಮಾಡಿದೆ.

“ಮೇಡಂ, ಯಾವುದಾದ್ರೂ ಒಂದು ರಸ್ತೆ ಇರ್ಲೇಬೇಕಲ್ವಾ?” ಎಂದಳು ನಿಮ್ಮ ಕಚೇರಿಯ ಹುಡುಗಿ.

“ರಸ್ತೆ ಇದೆ ಕಣಮ್ಮ. ಹೆಸರಿಲ್ಲ.”

“ಹಾಗಾದ್ರೆ ಊರಿನವರ ಹತ್ರ ಹೇಳಿ ಒಂದು ಹೆಸರು ಇಡಿಸ್ಕೊಳ್ಳಿ. ಇಲ್ಲಾಂದ್ರೆ ಕಂಪ್ಯೂಟರ್ ಮುಂದಕ್ಕೇ ಹೋಗಲ್ಲ.”

ಆಪತ್ತಿನಲ್ಲಿ ಕರೆಯಬೇಕಾದ ದೂರವಾಣಿ ಎಂಬ ಸಾಲು ಅದೇ ಅರ್ಜಿಯಲ್ಲಿ ಎರಡು ಗೆರೆ ಕೆಳಗಿದೆ. ಅದರಲ್ಲಿ ನನ್ನ ನಂಬರನ್ನು ಎರಡೂ ಸಲ ಸ್ಪಷ್ಟವಾಗಿ ಬರೆದಿದ್ದೆ. ಇಂಪಿ ಬಿದ್ದರೆ ನೀವು ಅವಳ ಮನೆಯ ಕದ ತಟ್ಟುವವರಿದ್ದಿರೇ? ಕಾಡಿನಲ್ಲಿ ಬಿದ್ದವಳನ್ನು ಹುಡುಕಲು ಮನೆ ಸಂಖ್ಯೆ ಯಾಕೆ ಬೇಕು? ಮೂರನೆಯ ಅರ್ಜಿ ಕಳಿಸಿದೆ. ಉತ್ತರವಿಲ್ಲ.

ಈಗ ನನ್ನ ತಪ್ಪು ಹೇಳುತ್ತೇನೆ, ಏಕೆಂದರೆ ಈ ಪತ್ರದಲ್ಲಿ ಯಾರಾದರೂ ಒಬ್ಬರು ತಪ್ಪೊಪ್ಪಿಕೊಳ್ಳಬೇಕಲ್ಲ. ಸೆಪ್ಟೆಂಬರ್ ಇಪ್ಪತ್ತೆರಡರಂದು ಇಂಪಿ ದೋಣಿಗೆ ಮೂಟೆ ತುಂಬುತ್ತ, ತಲೆಯೆತ್ತದೆ ಕೇಳಿದಳು: “ಆ ಕಾಗದದ್ದು ಮುಗೀತಾ?”

“ಹೂಂ, ಮುಗೀತು,” ಎಂದೆ. “ಹೋಗ್ಬಾ.”

ಆಗಿಲ್ಲವೆಂದಿದ್ದರೆ ಅವಳು ನಿಲ್ಲುತ್ತಿದ್ದಳೆಂದಲ್ಲ. ಆದರೆ ಆ ಗುಂಡಿಯನ್ನು ನಂಬಿ ಬಿದ್ದಲ್ಲೇ ಮಲಗಿರುತ್ತಿರಲಿಲ್ಲವೇನೋ. ಇಪ್ಪತ್ತು ಮಾರು ತೆವಳಿದ್ದರೆ ನೀರಂಚಿನಲ್ಲಿ ಬಿಟ್ಟಿದ್ದ ದೋಣಿ, ಕಂಬಳಿ, ಬೆಂಕಿಪೊಟ್ಟಣ ಸಿಗುತ್ತಿದ್ದವು. ಈ ಲೆಕ್ಕವನ್ನು ನಾನು ದಿನವೂ ಹಾಕುತ್ತೇನೆ. ನಿಮ್ಮ ಕಚೇರಿಯಲ್ಲಿ ಇಂಥದೊಂದನ್ನು ಹಾಕುವವರು ಯಾರಾದರೂ ಇದ್ದಾರೆಯೇ?

ಸಂಕೇತ ಬಂದಾಗ ನಿಮ್ಮ ದಾಖಲೆಯಲ್ಲಿದ್ದ ಹೆಸರು ಮಾರ್ಟಿಯದು. ಪೇಟೆಯಲ್ಲಿದ್ದ ಅವರಿಗೆ ಫೋನ್ ಹೋಯಿತು. ಸಾವಿನ ಮನೆಗೆ ಬಂದ ಅವರು ಟೋಪಿಯನ್ನು ಕೈಯಲ್ಲಿ ಹಿಂಡುತ್ತ ನನಗೆ ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

“ಯಾರೋ ಹೆಣ್ಣುಮಗಳು, ಹೆಲ್ವಿ. ‘ಸರ್, ನೀವು ಆಪತ್ತಿನಲ್ಲಿದೀರಾ?’ ಅಂದ್ಳು. ನಾನು ಗಂಜಿ ಕುಡೀತಾ ಇದೀನಮ್ಮ, ಯಾಕೆ ಅಂದೆ. ‘ನಿಮ್ಮ ಬೀಕನ್ ಬಡ್ಕೊಳ್ತಾ ಇದೆ’ ಅಂದ್ಳು. ಅದು ನಂದಲ್ಲ, ಇಂಪಿಗೆ ಕೊಟ್ಟುಬಿಟ್ಟೆ, ಅವಳು ಈಗ ಕಾಡಲ್ಲೇ ಇರ್ಬೇಕು, ಬೇಗ ನೋಡಿ ಅಂದೆ. ‘ಸರ್, ದಯವಿಟ್ಟು ಹೌದು ಅಥವಾ ಇಲ್ಲ ಅಂತ ಹೇಳಿ. ನೀವು ಕ್ಷೇಮವಾಗಿದೀರಾ?’ ಹೌದು ಅಂದೆ. ಇನ್ನೇನು ಹೇಳ್ಲಿ? ಕ್ಷೇಮವಾಗೇ ಇದ್ನಲ್ಲ. ‘ಥ್ಯಾಂಕ್ಯೂ ಸರ್’ ಅಂದು ಇಟ್ಬಿಟ್ಳು. ಇಂಪಿನ ಹುಡುಕೋಕೆ ಹೊರಟ್ರು ಅಂದ್ಕೊಂಡೆ ನಾನು.”

ಬೀಕನ್ನು ಮೂವತ್ತೊಂದು ಗಂಟೆ ಕೂಗಿತು. ಪ್ರತಿ ಸಲವೂ ಅವಳು ಬಿದ್ದ ಜಾಗವನ್ನು ಹೇಳಿತು. ನಿಮ್ಮ ಹಾಳೆಯಲ್ಲಿ ಅದಕ್ಕೂ ಒಂದು ಸಾಲಿದೆ: ‘ಅದೇ ಸಂಖ್ಯೆಯಿಂದ ಮರುಸಂಕೇತಗಳು; ಈಗಾಗಲೇ ವಿಲೇವಾರಿ.’

ಬರುತ್ತೇನೆಂದ ದಿನ ಇಂಪಿ ಬರಲಿಲ್ಲ. ಮರುದಿನ ಬೆಳಿಗ್ಗೆ ನೆರೆಮನೆಯ ರೇನೋ ಮತ್ತು ನಾನು ದೋಣಿ ಬಿಟ್ಟೆವು. ದೋಣಿ ಹೊತ್ತು ನಡೆಯುವ ಮೂರನೆಯ ಹಾದಿಯಲ್ಲಿ ಸಿಕ್ಕಳು. ಮಂಡಿ ಮಡಚಿ ಮಲಗಿದ್ದಳು. ಕೈಗೆಟುಕುವಷ್ಟು ದೂರದ ಬಂಡೆಯ ಮೇಲೆ ಬೀಕನ್ನು ನೆಟ್ಟಗೆ ನಿಂತಿತ್ತು, ಆಂಟೆನಾ ಕಡ್ಡಿ ಆಕಾಶಕ್ಕೆ ಚಾಚಿ. ರೇನೋ ತನ್ನ ಕೋಟು ಬಿಚ್ಚಿ ಅವಳ ಮೇಲೆ ಹೊದಿಸಿದ. ಆಮೇಲೆ ಅವಳ ಜೇಬಿನಿಂದ ನೋಟ್‌ಬುಕ್ ತೆಗೆದು ನನ್ನ ಕೈಗಿಟ್ಟ. ಬೋನಿನ ಲೆಕ್ಕ ಬರೆಯುವ ಅವಳ ನೋಟ್‌ಬುಕ್ಕಿನಲ್ಲಿ ನಾಲ್ಕೇ ನಾಲ್ಕು ಟಿಪ್ಪಣಿಗಳಿದ್ದವು.

‘10.40. ಒತ್ತಿದೆ. ದೀಪ ಮಿಣುಕುತ್ತಿದೆ.’

‘ಮಧ್ಯಾಹ್ನ. ವಿಮಾನದ ಸದ್ದು ಅಂದುಕೊಂಡೆ. ಗಾಳಿ.’

‘ಸಂಜೆ. ಮಳೆ. ಬೀಕನ್ನಿಗೆ ಏನೂ ಮುಚ್ಚಿಲ್ಲ, ಆಕಾಶ ಕಾಣಬೇಕೆಂದು ಬರೆದಿದೆ.’

‘ಎರಡನೆಯ ದಿನ. ಅವರಿಗೆ ತಿಳಿದಿದೆ. ಹವೆ ಕೆಟ್ಟು ತಡವಾಗುತ್ತಿರಬೇಕು.’

ನಿಮ್ಮ ಪರವಾಗಿ ಇಷ್ಟು ಔದಾರ್ಯದಿಂದ ಮಾತಾಡಿದ ಸಾಕ್ಷಿ ಇನ್ನೊಬ್ಬರು ಸಿಗಲಾರರು. ಬೇಕಿದ್ದರೆ ಕಡತಕ್ಕೆ ಸೇರಿಸಿಕೊಳ್ಳಿ. ಆ ಎರಡು ದಿನ ಹವೆ ಹಾರಲು ಅಡ್ಡಿಯಾಗುವಷ್ಟು ಕೆಟ್ಟಿರಲಿಲ್ಲ ಎಂಬುದನ್ನು ನಾನು ವಿಚಾರಿಸಿ ತಿಳಿದಿದ್ದೇನೆ.

ಮಣ್ಣು ಮಾಡಿದ ವಾರಕ್ಕೆ ಮೂರನೆಯ ಅರ್ಜಿಯೂ ಹಿಂದಕ್ಕೆ ಬಂತು. ಜನವರಿಯಲ್ಲಿ ನನ್ನ ದೂರಿಗೆ ಉತ್ತರವೂ ಬಂತು. ಎಲ್ಲ ವಿಧಾನಗಳನ್ನೂ ಅನುಸರಿಸಲಾಗಿದೆಯಂತೆ. ನೋಂದಣಿ ಸರಿಯಿಟ್ಟುಕೊಳ್ಳುವುದು ಮಾಲೀಕರ ಹೊಣೆಯಂತೆ. ನನ್ನ ದುಃಖದಲ್ಲಿ ನೀವೂ ಭಾಗಿಗಳಂತೆ. ಭಾಗ ಕೇಳಿದವರು ಯಾರು? ತನಿಖೆ ಬೇಕೆಂದು ಮೇಲಿನವರಿಗೆ ಬರೆದೆ. ಅವರು ಅದನ್ನು ನಿಮಗೇ ಕಳಿಸಿ, ನಿಮ್ಮಿಂದಲೇ ವರದಿ ತರಿಸಿಕೊಂಡರು. ಈ ಪತ್ರವನ್ನು ಪತ್ರಿಕೆಗೆ ಕೊಡುವುದರಿಂದ ಏನಾದೀತೆಂದು ರೇನೋ ಕೇಳಿದ. ಏನೂ ಆಗದು, ನನಗೆ ಗೊತ್ತು. ಕಾಗದಕ್ಕೆ ಕಾಗದ ಹುಟ್ಟುತ್ತದೆ, ಅಷ್ಟೇ.

ಆದರೂ ಒಂದು ಕಾರಣಕ್ಕೆ ಬರೆಯಬೇಕಾಯಿತು. ಇಂಪಿಯ ಕಾಡಿನಲ್ಲಿ ಬೋನು ಇಡುವ ಪರವಾನಗಿ ಈ ವರ್ಷ ರೇನೋನ ತಮ್ಮನ ಮಗಳು ಸೈಮಿಗೆ ಬಂದಿದೆ. ಮೂವತ್ತನಾಲ್ಕರ ಹೆಂಗಸು, ಮಾತು ಕಡಿಮೆ. ಮೊನ್ನೆ ಭಾನುವಾರ ಎರಡೂ ಬಗೆಯ ಯಂತ್ರಗಳ ವಿವರವಿದ್ದ ಚೀಟಿ ಹಿಡಿದು ಬಂದಳು.

“ಅತ್ತೆ, ಒಬ್ಳೇ ಹೋಗ್ಬೇಕು. ಯಾವುದು ತಗೊಳ್ಲಿ?”

ನಾನು ಬ್ರೆಡ್ಡು ಕೊಯ್ಯುತ್ತಿದ್ದೆ. ಕೊಯ್ಯುತ್ತಲೇ ಇದ್ದೆ. ಓಗೊಡುವುದನ್ನು ತಗೋ ಎನ್ನಲೇ? ಅದರ ಆಚೆ ಕೂತವರೂ ಹೌದು ಅಥವಾ ಇಲ್ಲ ಎಂದು ಹೇಳಿ ಅಂದರೆ? ಅವಳು ಚೀಟಿಗಳನ್ನು ಮೇಜಿನ ಮೇಲೇ ಬಿಟ್ಟು ಹೋದಳು.

ನನ್ನ ಬೇಡಿಕೆ ಇಷ್ಟೇ. ಕ್ಷಮೆ ಬೇಡ, ವರದಿ ಬೇಡ. ಆಕೆಯ ಪ್ರಶ್ನೆಗೆ ನೀವು ನಿಮ್ಮ ಹೆಸರು ಹಾಕಿ ಉತ್ತರ ಬರೆಯಿರಿ. ಯಾವುದರಿಂದಲೂ ಪ್ರಯೋಜನವಿಲ್ಲ ಎನ್ನುವುದಾದರೆ ಅದನ್ನೇ ಬರೆಯಿರಿ. ಸೆಪ್ಟೆಂಬರ್ ಇಪ್ಪತ್ತಕ್ಕೆ ಅವಳು ಹೊರಡುತ್ತಾಳೆ. ಉತ್ತರ ಬಂದರೂ, ಬಾರದಿದ್ದರೂ.

ಇಂತಿ,
ಕಾಯುವುದು ಅಭ್ಯಾಸವಾಗಿ ಹೋಗಿರುವ,
ಹೆಲ್ವಿ ರಾಂಟಾಲಾ