ಉಳಿದರ್ಧ ಮೈದಾನ

ಧಾರಾವಿ, ಮುಂಬಯಿ
೩ ಅಕ್ಟೋಬರ್ ೧೯೭೩

ಚಿರಂಜೀವಿ ಬಂಡೆಪ್ಪನಿಗೆ ಸೋದರಮಾವ ನಿಂಗಣ್ಣ ಸಿಟ್ಟಿನಿಂದ ಬರೆಯುವುದು,

ಮುಂಬಯಿಯ ಜನಗಣತಿ ಸಾಹೇಬರೆಲ್ಲ ನನ್ನನ್ನು ಕೇಳಿಯೇ ಅಂಕಿ ಬರೆಯುತ್ತಾರೆ. ಅಂಥವನಿಗೆ ನೀನು ಲೆಕ್ಕ ಕಲಿಸಲು ಬಂದೆ!

ಮೂರು ವರ್ಷದ ಹಿಂದೆ ರಜೆಗೆ ಬಂದವನು ನಮ್ಮ ಮನೆಯ ಹಿಂದಿನ ಮೈದಾನದ ಗುಡಿಸಲು ಎಣಿಸಿದೆ. "ಮಾಮಾ, ಮೂರ ವರ್ಷದಾಗ ನಲವತ್ತು ಹೋಗಿ ಎಂಬತ್ತಾಗ್ಯಾವ. ಅರ್ಧ ತುಂಬೇತಿ. ಇನ್ನ ಮೂರ ವರ್ಷಕ್ಕ ಮತ್ತ ದುಪ್ಪಟ್ಟಾಗಿ ಪೂರಾ ತುಂಬತೈತಿ. ಅವ್ವಗ ಈಗಲೇ ಒಂದು ಗುಡಿಸಲಾ ಹಾಕಿಕೊಡು," ಅಂದೆ.

"ಲೇ ಹುಚ್ಚಪ್ಯಾ, ಅರ್ಧ ತುಂಬಾಕ ಹನ್ನೆರಡು ವರ್ಷ ಹಿಡದೈತಿ. ಉಳಿದರ್ಧಕ್ಕೂ ಹನ್ನೆರಡು ಬೇಕು," ಎಂದು ನಾನು ನಕ್ಕೆ. ಜಗಳ ಮಾಡಿಯಾದರೂ ತಿಳಿಸಬಾರದಿತ್ತೇ? ಕಾಲೇಜು ಕಲಿತವನು ಸುಮ್ಮನೆ ರೈಲು ಹತ್ತಿದೆ!

ನಿನ್ನೆ ನೂರಾ ಅರವತ್ತನೆಯ ಗುಡಿಸಲಿಗೆ ತಗಡು ಹೊದಿಸಿದರು. ಇನ್ನು ಕಾಲಿಡಲೂ ಜಾಗವಿಲ್ಲ. ನಿನ್ನವ್ವ ನೀಲಾಬಾಯಿ ನಮ್ಮ ಒಂದೇ ಕೋಣೆಯಲ್ಲಿ ಒಂಬತ್ತನೆಯವಳಾಗಿ, ಬಾಗಿಲ ಬಳಿ ಕಾಲು ಮಡಚಿ ಮಲಗುತ್ತಾಳೆ.

ದೀಪಾವಳಿಗೆ ಬಂದು ಅವಳನ್ನು ನೀನೇ ಸಮಾಧಾನ ಮಾಡು. ಗುಡಿಸಲಿಗೆಂದು ಕೊಟ್ಟ ಹಣ ವಾಪಸು ಕೇಳುತ್ತಿದ್ದಾಳೆ. ಮೂರು ವರ್ಷದಲ್ಲಿ ಮೈದಾನ ತುಂಬುವುದಿಲ್ಲವೆಂದು ಚಹಾದಂಗಡಿಯವನೊಂದಿಗೆ ಪಂದ್ಯ ಕಟ್ಟಿದ್ದೆ. ಅವಳಿಗೆ ಐವತ್ತು ರೂಪಾಯಿ ಹೋಯಿತೆಂದು ಹೇಳಿದ್ದೇನೆ. ಹೋದದ್ದು ಮುನ್ನೂರ ನಲವತ್ತು, ಅವಳು ಕೊಟ್ಟಷ್ಟೂ.

ನಿನ್ನ ಮಾಮಾ,
ನಿಂಗಣ್ಣ